ಅಪ್‌ಡೇಟ್: ಬೋಟಿನ ಮೂತಿ ಕುಣಿಯುವುದು ನಿಂತಿತು

ಕಾರವಾರದಲ್ಲಿರುವ ನನ್ನ ಫೈಬರ್ ಸ್ಪೀಡ್ ಬೋಟ್ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ದಾಟಿದ ಕೂಡಲೇ ಮೂತಿ ಮೇಲೆ ಕೆಳಗೆ ಕುಣಿಯುತ್ತದೆ, ಏನು ಮಾಡಲಿ ಎಂದು ಇಲ್ಲಿ ಹಿಂದೆ ಪ್ರಶ್ನೆ ಹಾಕಿದ್ದೆ. ಅಲೆಯೇ ಇಲ್ಲದ ಕಾಳಿ ನದಿಯಲ್ಲೂ ಹಾಗೇ ಆಗುತ್ತಿತ್ತು. ಈಗ ಸರಿಯಾಗಿದೆ.

ಔಟ್‌ಬೋರ್ಡ್ ಎಂಜಿನ್ನಿನ (ಬೋಟಿನ ಹಿಂದೆ ಹೊರಗೆ ತೂಗುವ ಎಂಜಿನ್) ಟ್ರಿಮ್, ಅಂದರೆ ಅದರ ಓರೆ, ಒಳಕ್ಕೆ ತನ್ನಿ ಎಂದವರ ಮಾತು ಅರ್ಧ ಫಲಿಸಿತು. ಕುಣಿತ ನಿಂತಿತು, ಆದರೆ ಮೂತಿ ನೀರಿಗೆ ಒತ್ತಿಕೊಂಡು ಸ್ಟಿಯರಿಂಗ್ ಭಾರವಾಯಿತು, ವೇಗವೂ ಇಳಿಯಿತು. ಪ್ರೊಪೆಲ್ಲರ್ ಬದಲಿಸಿದ್ದು ಸುಮ್ನೆ ದುಡ್ಡು ದಂಡ.

ನಿಜವಾಗಿ ಕೆಲಸ ಮಾಡಿದ್ದು "ಹಿಂಬದಿಯ ಭಾರ ನೋಡು ಮಾರಾಯ" ಎಂದ ಅಣ್ಣನ ಸಲಹೆ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡೂ ಎಂಜಿನ್ ಪಕ್ಕದಲ್ಲೇ ಇದ್ದವು. ಅವನ್ನು ತೆಗೆದು ನೆಲದ ಹಲಗೆ ಬಿಚ್ಚಿದರೆ, ಬೋಟು ತೇಲಲೆಂದು ಒಳಗೆ ತುಂಬಿದ್ದ ಫೋಮ್ ಪೂರ್ತಿ ನೀರು ಕುಡಿದು ಭಾರವಾಗಿ ಕೂತಿತ್ತು! ಒತ್ತಿದರೆ ಉಪ್ಪುನೀರು ಸುರಿಯುತ್ತಿತ್ತು. ಇದನ್ನು ಯಾರೂ ಊಹಿಸಿರಲಿಲ್ಲ ಅಲ್ವಾ? ಅದನ್ನು ಕಿತ್ತು ಹೊಸದು ಹಾಕಿಸಿದೆ. ಟ್ಯಾಂಕ್ ನಡುವಿಗೆ ಬಂತು, ಬ್ಯಾಟರಿ ಮುಂದಿನ ಸೀಟಿನ ಕೆಳಗೆ ಹೋಯಿತು. ಬ್ಯಾಟರಿ ದೂರವಾದರೆ ಕೇಬಲ್ ದಪ್ಪದ್ದೇ ಹಾಕಿಸಿ, ಇಲ್ಲದಿದ್ದರೆ ಸ್ಟಾರ್ಟರ್ ತಿರುಗಲು ತಿಣುಕುತ್ತದೆ.

ಟ್ರಿಮ್ ಟ್ಯಾಬ್ (ಮೂತಿ ತಗ್ಗಿಸಲು ಬೋಟಿನ ಹಿಂಬದಿ ಕೆಳಗೆ ಹಾಕುವ ತಗಡು) ಕೊಳ್ಳುವ ಅಗತ್ಯ ಬೀಳಲಿಲ್ಲ. ಕೂರ್ಮಗಡ ದ್ವೀಪದ ಕಡೆ ಹೋಗುವಾಗ ಟ್ರಿಮ್ ತೀರಾ ಜಾಸ್ತಿ ಹೊರಕ್ಕೆ ಬಿಟ್ಟರೆ ಮಾತ್ರ ಸ್ವಲ್ಪ ಕುಣಿಯುತ್ತದೆ. ಆಗ ಬಟನ್ ಒತ್ತಿ ಚೂರು ಒಳಕ್ಕೆ ತಂದರೆ ಸಾಕು.