ಗೋದಾಮಿನ ವೈ-ಫೈ ಫೋನ್‌ಗಳಿಗೆ ವಿಪಿಎನ್: ಹ್ಯಾಂಡ್‌ಸೆಟ್‌ನಲ್ಲೋ, ರೂಟರಿನಲ್ಲೋ?

ಲೆಕ್ಕದಕೋಣೆ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಎಪಿಎಂಸಿ ಪ್ರಾಂಗಣದ ಹತ್ತಿರ ನಮ್ಮ ಮೆಕ್ಕೆಜೋಳ ವ್ಯಾಪಾರದ ಕಚೇರಿಯಿದ್ದು, ಚಳ್ಳಕೆರೆಯಲ್ಲಿ ಶೇಂಗಾ ದಾಸ್ತಾನಿಗೆ ಒಂದು ಗೋದಾಮಿದೆ. ಎರಡೂ ಕಡೆಯವರು ತಮ್ಮತಮ್ಮಲ್ಲಿ ಮಾತನಾಡಲೆಂದು ಕಚೇರಿಯ ಹಳೆಯ ಕಂಪ್ಯೂಟರೊಂದಕ್ಕೆ ಆಸ್ಟರಿಸ್ಕ್ ಎಂಬ ತಂತ್ರಾಂಶ ಹಾಕಿ ಐಪಿ ಪಿಬಿಎಕ್ಸ್ (ನೆಟ್‌ವರ್ಕ್ ಮೇಲೆ ನಡೆಯುವ ಒಳಫೋನ್ ವಿನಿಮಯ ಕೇಂದ್ರ) ಮಾಡಿಕೊಂಡಿದ್ದೇವೆ. ಹೊರಗಿನ ಕರೆಗಳೆಲ್ಲ ಮೊಬೈಲಿನಲ್ಲೇ ನಡೆಯುತ್ತವೆ. ಗೋದಾಮಿನಲ್ಲಿ ತೂಕ ಹಾಕುವವರೂ ಲಾರಿಗೆ ಲೋಡ್ ಮಾಡಿಸುವವರೂ ಓಡಾಡುತ್ತಲೇ ಮಾತನಾಡಬೇಕಾದ್ದರಿಂದ ಅಲ್ಲಿಗೆ 4 ವೈ-ಫೈ ಹ್ಯಾಂಡ್‌ಸೆಟ್ ಕೊಟ್ಟಿದ್ದೇವೆ.

ಅವು ಕಚೇರಿಯನ್ನು ತಲುಪಲೆಂದು ಇಲ್ಲಿನ ರೂಟರಿನಲ್ಲಿ ಕರೆ ಜೋಡಿಸುವ 5060ನೇ ಪೋರ್ಟನ್ನೂ (ಪೋರ್ಟ್ ಎಂದರೆ ಸಂಖ್ಯೆಯಿರುವ ಬಾಗಿಲಿದ್ದಂತೆ), ಮಾತಿಗಾಗಿ 10000ದಿಂದ 20000ದವರೆಗಿನ ಪೋರ್ಟ್‌ಗಳನ್ನೂ ಇಂಟರ್ನೆಟ್‌ಗೆ ತೆರೆದಿಟ್ಟಿದ್ದೆ. ಮೊನ್ನೆ ಲಾಗ್ ತೆಗೆದು ನೋಡಿದರೆ, ರಾತ್ರಿಯಿಡೀ ಯಾರೋ 100, 101, 1000 ಎಂದು ಎಕ್ಸ್‌ಟೆನ್ಶನ್ (ಒಳಫೋನ್) ಸಂಖ್ಯೆಗಳನ್ನು ಊಹಿಸುತ್ತ ಪಾಸ್‌ವರ್ಡ್ ಹಾಕಿ ನೋಡಿದ ಸಾಲುಗಳು ಪುಟಗಟ್ಟಲೆ ಇದ್ದವು. ಹಾಗಾಗಿ ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆಯೇ ಗೂಢಲಿಪಿಯಲ್ಲಿ ಸಾಗುವ ಖಾಸಗಿ ದಾರಿ, ಮಾಡಲೇಬೇಕೆಂದು ಕುಳಿತಿದ್ದೇನೆ. ಮೇಜಿನ ಫೋನಿನಲ್ಲಿ ಓಪನ್‌ವಿಪಿಎನ್ ಕಡತ ಏರಿಸಲು ಜಾಗವಿದೆ, ಆದರೆ ಈ ಹ್ಯಾಂಡ್‌ಸೆಟ್‌ಗಳ ಮೆನುವಿನಲ್ಲಿ ವಿಪಿಎನ್ ಎಂಬ ಮಾತೇ ಇಲ್ಲ. ಕಚೇರಿಗೆ ಸ್ಥಿರ ಐಪಿ ಇದೆ. ಚಳ್ಳಕೆರೆಯ ಸಂಪರ್ಕಕ್ಕೆ 100.64ರಿಂದ ಆರಂಭವಾಗುವ ವಿಳಾಸ ಸಿಕ್ಕಿದೆ. ಎರಡೂ ಕಡೆ ಒಳಗಿನ ವಿಳಾಸಗಳು 192.168.1 ಸಾಲಿನಲ್ಲೇ ಇವೆ. ಹ್ಯಾಂಡ್‌ಸೆಟ್‌ಗಳನ್ನೇ ಬದಲಿಸಬೇಕೇ?

ಜೋಗಿಮಟ್ಟಿ, ಚಿತ್ರದುರ್ಗ:

ಬದಲಿಸುವುದು ಬೇಡ ಸರ್. ಮೊದಲು ಇವತ್ತೇ ಆ ಪೋರ್ಟ್‌ಗಳನ್ನೆಲ್ಲ ಮುಚ್ಚಿಬಿಡಿ. ಗೋದಾಮಿನ ಫೋನ್ ಎರಡು ದಿನ ನಿಂತರೂ ಅಡ್ಡಿಯಿಲ್ಲ.

ಓಡಾಡುವ ಹ್ಯಾಂಡ್‌ಸೆಟ್‌ನೊಳಗೆ ವಿಪಿಎನ್ ಕೂರಿಸುವುದು, ಸೌಲಭ್ಯವಿದ್ದರೂ, ನನಗೆ ಒಪ್ಪಿಗೆಯಾಗುವ ಮಾತಲ್ಲ. ಬ್ಯಾಟರಿ ಉಳಿಸಲು ಆ ಫೋನು ಮಾತಿಲ್ಲದ ಹೊತ್ತಿನಲ್ಲಿ ವೈ-ಫೈಯನ್ನು ಆಗಾಗ ಮಲಗಿಸುತ್ತದೆ, ಟನಲ್ (ವಿಪಿಎನ್‌ನ ಆ ಖಾಸಗಿ ದಾರಿ) ಜೀವಂತವಾಗಿರಬೇಕಾದರೆ ಅದನ್ನು ಮತ್ತೆಮತ್ತೆ ಎಬ್ಬಿಸುತ್ತಿರಬೇಕು. ನಾಲ್ಕು ಫೋನಿಗೆ ನಾಲ್ಕು ಕೀಲಿಗಳಾದರೆ, ಯಾರೋ ಒಬ್ಬರು ಶೇಂಗಾ ಚೀಲಗಳ ನಡುವೆ ಫೋನ್ ಕಳೆದುಕೊಂಡ ದಿನ ಅದರ ಕೀಲಿಯನ್ನು ಹುಡುಕಿ ರದ್ದು ಮಾಡುವ ಕೆಲಸವೂ ನಿಮ್ಮ ತಲೆಗೇ ಬರುತ್ತದೆ. ಎರಡು ರೂಟರ್‌ಗಳ ನಡುವೆ ಒಂದೇ ಟನಲ್ ಹಾಕಿದರೆ ಹ್ಯಾಂಡ್‌ಸೆಟ್‌ಗಳಿಗೆ ವಿಪಿಎನ್ ಇದೆಯೆಂಬುದೇ ಗೊತ್ತಾಗುವುದಿಲ್ಲ.

ನಾನು ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಬಳಸುತ್ತೇನೆ. 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇದೆ. ಕಚೇರಿಯ ರೂಟರಿನಲ್ಲಿ ಯುಡಿಪಿ 51820 ಪೋರ್ಟ್ ಒಂದನ್ನು ಮಾತ್ರ ತೆರೆಯಿರಿ. ಸರಿಯಾದ ಕೀಲಿಯಿಲ್ಲದೆ ಬಂದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ, ಪೋರ್ಟ್ ಹುಡುಕಿಕೊಂಡು ಬಂದವರಿಗೆ ಅಲ್ಲೇನೋ ಇದೆಯೆಂದೂ ತಿಳಿಯದು. 100.64ರ ವಿಳಾಸವೆಂದರೆ ಸಂಪರ್ಕ ಕೊಡುವವರು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದ್ದಾರೆ ಎಂದರ್ಥ. ಹೊರಗಿನಿಂದ ಚಳ್ಳಕೆರೆಯ ಬಾಗಿಲು ತಟ್ಟಲಾಗದು, ಆದರೆ ಚಳ್ಳಕೆರೆಯ ರೂಟರೇ ದಾವಣಗೆರೆಗೆ ಟನಲ್ ಸಂಪರ್ಕ ಆರಂಭಿಸುವಂತೆ ಮಾಡಿ ಕೀಪ್‌ಅಲೈವ್ (ದಾರಿ ಮುಚ್ಚದಂತೆ ಆಗಾಗ ಕಳಿಸುವ ಖಾಲಿ ಪ್ಯಾಕೆಟ್) 25 ಸೆಕೆಂಡ್ ಇಟ್ಟರೆ ದಾರಿ ತೆರೆದೇ ಇರುತ್ತದೆ. ಗೋದಾಮಿನ ಒಳ ವಿಳಾಸಗಳನ್ನು 192.168.20ಕ್ಕೆ ಬದಲಿಸಿ; ಎರಡೂ ಕಡೆ ಒಂದೇ ಸಾಲಿದ್ದರೆ, ಯಾವುದನ್ನು ಟನಲ್‌ಗೆ ಕಳಿಸಬೇಕೆಂದು ರೂಟರಿಗೆ ತಿಳಿಯುವುದಿಲ್ಲ.

ಲೆಕ್ಕದಕೋಣೆ, ದಾವಣಗೆರೆ:

ತಾವು ಹೇಳಿದಂತೆಯೇ ಮಾಡಿದೆ, ಟನಲ್ ಎದ್ದಿತು, ನಾಲ್ಕೂ ಫೋನ್ ನೋಂದಣಿಯಾದವು. ಆದರೆ ಗೋದಾಮಿನಿಂದ ಕರೆ ಮಾಡಿದರೆ ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರ ಮಾತು ನಮಗೆ ಕೇಳುವುದಿಲ್ಲ. ಜೊತೆಗೆ ಸುಮಾರು ಅರ್ಧ ನಿಮಿಷಕ್ಕೆ ಕರೆ ತಾನಾಗಿಯೇ ಕಡಿದುಹೋಗುತ್ತದೆ. ಅಲ್ಲಿನ ಮೇಸ್ತ್ರಿ "ಸಾಹೇಬ್ರೇ, ಕೇಳ್ತೈತಿ, ಕೇಳ್ತೈತಿ" ಎಂದು ಕೂಗುತ್ತಿದ್ದರೆಂಬುದು ಆಮೇಲೆ ಅವರ ಮೊಬೈಲಿನಿಂದ ತಿಳಿಯಿತು.

ಹದಡಿರಸ್ತೆ, ದಾವಣಗೆರೆ:

ಆ ಅರ್ಧ ನಿಮಿಷವೇ ರೋಗದ ಹೆಸರು ಹೇಳುತ್ತದೆ. ಇಂಟರ್ನೆಟ್ ಮೂಲಕ ನಡೆಸುತ್ತಿದ್ದಾಗ ಆಸ್ಟರಿಸ್ಕ್‌ನಲ್ಲಿ ನಿಮ್ಮ ಸ್ಥಿರ ಐಪಿಯನ್ನು ಹೊರವಿಳಾಸವೆಂದು ಬರೆದಿರುತ್ತೀರಿ. ಈಗಲೂ ಅದು 192.168.20ರ ಫೋನನ್ನು ಹೊರಗಿನದೆಂದೇ ತಿಳಿದು, "ನಿನ್ನ ಮಾತನ್ನು ಈ ಸಾರ್ವಜನಿಕ ವಿಳಾಸಕ್ಕೆ ಕಳಿಸು" ಎಂದು ಹೇಳುತ್ತಿದೆ. ಫೋನು ಪಾಪ ಹೇಳಿದಂತೆ ಟನಲ್ ಬಿಟ್ಟು ಹೊರಗೆ ಕಳಿಸುತ್ತದೆ, ನೀವು ಮುಚ್ಚಿರುವ ಪೋರ್ಟ್‌ಗಳಿಗೆ ಬಡಿದು ಮಾತು ಅಲ್ಲೇ ಸಾಯುತ್ತದೆ. ಕರೆ ಎತ್ತಿದ್ದಕ್ಕೆ ಫೋನು ಕೊಡುವ ಸ್ವೀಕೃತಿಯೂ ಅದೇ ದಾರಿ ಹಿಡಿಯುವುದರಿಂದ, ಆಸ್ಟರಿಸ್ಕ್ 32 ಸೆಕೆಂಡ್ ಕಾದು ಕರೆಯನ್ನು ಕಡಿಯುತ್ತದೆ. ಆಸ್ಟರಿಸ್ಕ್‌ನಲ್ಲಿ ಒಳಗಿನ ವಿಳಾಸಗಳನ್ನು ಬರೆಯುವ ಲೋಕಲ್‌ನೆಟ್ ಪಟ್ಟಿಗೆ 192.168.20 ಸಾಲನ್ನೂ ಟನಲ್‌ನ ಸಾಲನ್ನೂ ಸೇರಿಸಿ, ಎರಡೂ ರೂಟರ್‌ಗಳಲ್ಲಿ ಸಿಪ್ ಎಎಲ್‌ಜಿ (ಕರೆಯ ಪ್ಯಾಕೆಟ್‌ಗಳಲ್ಲಿನ ವಿಳಾಸವನ್ನು ರೂಟರೇ ತಿದ್ದುವ ಸೌಲಭ್ಯ) ಇದ್ದರೆ ಆರಿಸಿ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಎತ್ತಲಿಲ್ಲ. ಟನಲ್ ಕಾಯುವುದು ರೂಟರಿನಿಂದ ರೂಟರಿನವರೆಗೆ ಮಾತ್ರ. ಹ್ಯಾಂಡ್‌ಸೆಟ್‌ನಿಂದ ಆಕ್ಸೆಸ್ ಪಾಯಿಂಟ್‌ವರೆಗಿನ ಗಾಳಿಯ ದಾರಿಯನ್ನು ಕಾಯುವುದು ವೈ-ಫೈ ಪಾಸ್‌ವರ್ಡ್. ನಾನು ನೋಡಿದ ಒಂದು ಗೋದಾಮಿನಲ್ಲಿ ಅದನ್ನು ತೂಕದ ಯಂತ್ರದ ಮೇಲಿನ ಗೋಡೆಗೆ ಸುಣ್ಣದಕಡ್ಡಿಯಲ್ಲಿ ಬರೆದಿದ್ದರು, ಬಂದ ಲಾರಿ ಚಾಲಕರೆಲ್ಲ ಅದರಲ್ಲೇ ವಿಡಿಯೊ ನೋಡುತ್ತಿದ್ದರು. ಫೋನ್‌ಗಳಿಗೆ ಬೇರೆ ವೈ-ಫೈ ಹೆಸರು, ಬೇರೆ ವಿಎಲ್ಯಾನ್ (ಅದೇ ಉಪಕರಣಗಳ ಮೇಲೆ ಬೇರ್ಪಡಿಸಿದ ಜಾಲ), ಡಬ್ಲ್ಯುಪಿಎ2 ಎಇಎಸ್ ಎಂಬ ವೈ-ಫೈ ಭದ್ರತೆ ಕೊಡಿ; ಆ ವಿಎಲ್ಯಾನ್‌ನಿಂದ ಪಿಬಿಎಕ್ಸ್ ಬಿಟ್ಟು ಬೇರೆಲ್ಲಿಗೂ ದಾರಿ ಬೇಡ. ಹ್ಯಾಂಡ್‌ಸೆಟ್ ಒಪ್ಪಿದರೆ ಕರೆ ಜೋಡಣೆಗೆ 5061ರ ಮೇಲೆ ಟಿಎಲ್‌ಎಸ್, ಮಾತಿಗೆ ಎಸ್‌ಆರ್‌ಟಿಪಿ ಎಂಬ ಗೂಢಲಿಪಿ ವಿಧಾನಗಳನ್ನೂ ಹಾಕಬಹುದು.

ಬ್ಯಾಂಡ್‌ವಿಡ್ತ್‌ಗೆ ಹೆದರಬೇಡಿ. ಮಾತನ್ನು ಪ್ಯಾಕೆಟ್ ಮಾಡುವ ಜಿ.711 ವಿಧಾನದಲ್ಲಿ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಎಲ್ಲ ತಲೆಪಟ್ಟಿ (ಹೆಡರ್) ಸೇರಿ 200 ಬೈಟ್. ವೈರ್‌ಗಾರ್ಡ್ ಅದನ್ನು 208ಕ್ಕೆ ಹೊಂದಿಸಿ ಮೇಲೆ 60 ಬೈಟ್ ಸೇರಿಸಿದರೂ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 107 ಕಿಲೋಬಿಟ್ ಅಷ್ಟೆ. ತೊಂದರೆ ಕೊಡುವುದು ಗೋದಾಮಿನ ಸಿಸಿಟಿವಿ. ಫೋನು ಹಚ್ಚುವ ಡಿಎಸ್‌ಸಿಪಿ 46ರ (ಮೊದಲು ಕಳಿಸಬೇಕೆಂಬ ಆದ್ಯತೆಯ) ಗುರುತನ್ನು ವೈರ್‌ಗಾರ್ಡ್ ಹೊರಗಿನ ಪ್ಯಾಕೆಟ್‌ಗೆ ನಕಲು ಮಾಡುವುದಿಲ್ಲವಾದ್ದರಿಂದ, ಚಳ್ಳಕೆರೆಯ ರೂಟರಿನಲ್ಲಿ 51820ಕ್ಕೇ ಆದ್ಯತೆ ಕೊಟ್ಟು ಕ್ಯಾಮೆರಾಗಳ ಅಪ್‌ಲೋಡಿಗೆ ಮಿತಿ ಹಾಕಿ.

ಲೆಕ್ಕದಕೋಣೆ, ದಾವಣಗೆರೆ:

ಲೋಕಲ್‌ನೆಟ್ ಸೇರಿಸಿದ ಕೂಡಲೇ ಎರಡೂ ಕಡೆ ಮಾತು ಸ್ಪಷ್ಟವಾಯಿತು. ಮೂರು ದಿನ ಚೆನ್ನಾಗಿತ್ತು. ನಿನ್ನೆ ಚಳ್ಳಕೆರೆಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಟನಲ್ ಏಳಲೇ ಇಲ್ಲ. ಇಂಟರ್ನೆಟ್ ಸರಿಯಿತ್ತು, ಕೀಲಿಗಳನ್ನು ಯಾರೂ ಮುಟ್ಟಿರಲಿಲ್ಲ.

ಜೋಗಿಮಟ್ಟಿ, ಚಿತ್ರದುರ್ಗ:

ಅಲ್ಲಿನ ರೂಟರಿನ ಗಡಿಯಾರ ನೋಡಿದಿರಾ? ಅಗ್ಗದ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ, ಕರೆಂಟ್ ಹೋದರೆ ಅವು ಹಳೆಯ ಯಾವುದೋ ದಿನಾಂಕಕ್ಕೆ ಹಿಂದಿರುಗುತ್ತವೆ. ವೈರ್‌ಗಾರ್ಡ್‌ನ ಪ್ರತಿ ಹಸ್ತಲಾಘವದಲ್ಲೂ (ಟನಲ್ ಏಳಿಸುವ ಮೊದಲ ಸಂದೇಶದಲ್ಲಿ) ಸಮಯದ ಮುದ್ರೆಯಿರುತ್ತದೆ. ಹಿಂದೆ ಕಂಡದ್ದಕ್ಕಿಂತ ಹಳೆಯ ಮುದ್ರೆ ಬಂದರೆ, ಯಾರೋ ಹಳೆಯ ಪ್ಯಾಕೆಟನ್ನು ಮತ್ತೆ ಕಳಿಸುತ್ತಿದ್ದಾರೆಂದು ದಾವಣಗೆರೆಯ ಕಡೆ ಅದನ್ನು ಸುಮ್ಮನೆ ಎಸೆಯುತ್ತದೆ. ಗೋದಾಮಿನ ರೂಟರಿಗೆ ಸಮಯ ಕೊಡಲು ಕಚೇರಿಯ ಸರ್ವರನ್ನೇ ಹಾಕಿದ್ದರಂತೂ ಟನಲ್ ಏಳದೆ ಸಮಯ ಸಿಗದು, ಸಮಯ ಸಿಗದೆ ಟನಲ್ ಏಳದು.

ಲೆಕ್ಕದಕೋಣೆ, ದಾವಣಗೆರೆ:

ಹಾಗೆಯೇ ಹಾಕಿದ್ದೆ ಸರ್. ರೂಟರ್ 2019ನೇ ಇಸವಿ ತೋರಿಸುತ್ತಿತ್ತು.

ಜೋಗಿಮಟ್ಟಿ, ಚಿತ್ರದುರ್ಗ:

ಟನಲ್‌ನ ಹೊರಗೆ, ನೇರವಾಗಿ ಇಂಟರ್ನೆಟ್‌ನಿಂದ ಎನ್‌ಐಸಿಯ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ) ಸಮಯ ಸರ್ವರನ್ನು ಕೊಡಿ. ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲೇ ಹೇಳಿದೆ. ಅದೇ ನಿರ್ದೇಶನದಲ್ಲಿ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಡಬೇಕೆಂದು ಓದಿ ಗಾಬರಿಯಾಗಬೇಡಿ, ಸಂಸ್ಥೆಗಳ ಒಳಬಳಕೆಯ ವಿಪಿಎನ್‌ಗೆ ಅದು ಅನ್ವಯಿಸದೆಂದು ಆಮೇಲೆ ಅವರೇ ಸ್ಪಷ್ಟಪಡಿಸಿದ್ದಾರೆ. ರೂಟರಿಗೂ ಆಕ್ಸೆಸ್ ಪಾಯಿಂಟಿಗೂ ಒಂದು ಸಣ್ಣ ಯುಪಿಎಸ್ ಹಾಕಿಸಿಬಿಡಿ.

ಲೆಕ್ಕದಕೋಣೆ, ದಾವಣಗೆರೆ:

ಸಮಯದ ಸರ್ವರ್ ಬದಲಿಸಿ, ಬೇಕೆಂದೇ ಎರಡು ಸಲ ಸ್ವಿಚ್ ಆರಿಸಿ ಹಾಕಿಸಿದೆ. ಎರಡು ಸಲವೂ ಒಂದು ನಿಮಿಷದೊಳಗೆ ಟನಲ್ ಎದ್ದಿತು. ಕೊನೆಯದೊಂದು ಪ್ರಶ್ನೆ: ಗೋದಾಮಿನ ವ್ಯವಸ್ಥಾಪಕರು ಒಂದು ಹ್ಯಾಂಡ್‌ಸೆಟ್ಟನ್ನು ರಾತ್ರಿ ಹಿರಿಯೂರಿನ ಮನೆಗೆ ಒಯ್ಯುತ್ತೇನೆ ಎನ್ನುತ್ತಿದ್ದಾರೆ.

ಹದಡಿರಸ್ತೆ, ದಾವಣಗೆರೆ:

ಒಯ್ಯುವುದು ಬೇಡ. ಮನೆಯ ವೈ-ಫೈನಲ್ಲಿ ಅದಕ್ಕೆ ಟನಲ್ ಸಿಗದು, ಅವರಿಗಾಗಿ ನೀವು ಮತ್ತೆ 5060 ತೆರೆಯಬೇಕಾದೀತು. ಅವರ ಸ್ಮಾರ್ಟ್‌ಫೋನಿಗೆ ವೈರ್‌ಗಾರ್ಡ್ ಆ್ಯಪ್, ಒಂದು ಸಾಫ್ಟ್‌ಫೋನ್ (ಪಿಬಿಎಕ್ಸ್‌ಗೆ ನೋಂದಾಯಿಸಿ ಮಾತನಾಡುವ) ಆ್ಯಪ್ ಹಾಕಿ, ಅವರದೇ ಪ್ರತ್ಯೇಕ ಕೀಲಿ ಕೊಟ್ಟು, ಟನಲ್‌ನಲ್ಲಿ ಪಿಬಿಎಕ್ಸ್‌ನ ಒಂದು ವಿಳಾಸಕ್ಕೆ ಮಾತ್ರ ದಾರಿ ಬಿಡಿ.