ಬೋರ್ಡೋದಲ್ಲಿ ಒಂದೇ ದಿನ: ಯಾವ ವೈನ್ ಎಸ್ಟೇಟುಗಳನ್ನು ನೋಡಬಹುದು?

ಪ್ರಶ್ನೆ: ಉಡುಪಿಯ ಪ್ರವಾಸಿ

ಮಾನ್ಯರೇ, ಸೆಪ್ಟೆಂಬರ್ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ಪ್ಯಾರಿಸಿನಲ್ಲಿರುವ ಮಗಳ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಫ್ರಾನ್ಸಿನ ನೈಋತ್ಯದ ಬೋರ್ಡೋ ನಗರಕ್ಕೆ ಹೋಗಿ, ಒಂದು ದಿನವನ್ನು ಹಳೆಯ ವೈನ್ ಎಸ್ಟೇಟುಗಳಿಗೆಂದೇ ಮೀಸಲಿಡುವ ಆಸೆಯಿದೆ. ಅಲ್ಲಿನ ವೈನ್ ಸೀಮೆಗಳಾದ ಮೆದೋಕ್ ಕಡೆ ಹೋಗುವುದೋ ಸಾಂತ್ ಎಮಿಲಿಯೋಂ ಕಡೆಯೋ ಎಂದು ತೀರ್ಮಾನಿಸಲಾಗುತ್ತಿಲ್ಲ. ಪತ್ನಿ ಮೊಟ್ಟೆಯನ್ನೂ ಮುಟ್ಟದವರು. ವೈನ್ ತಯಾರಿಕೆಯಲ್ಲಿ ಮೊಟ್ಟೆ ಬಳಸುತ್ತಾರೆಂದು ಯಾರೋ ಹೇಳಿದಂದಿನಿಂದ ಹಿಂದೇಟು ಹಾಕುತ್ತಿದ್ದಾರೆ. ಮಂಗಳೂರಿನ ಕ್ರೈಸ್ತ ಮಿತ್ರರು ಕ್ರಿಸ್‌ಮಸ್‌ಗೆ ಮನೆಯಲ್ಲೇ ಮಾಡುವ ಸಿಹಿ ವೈನಿನ ಹೊರತು ನಮಗಿಬ್ಬರಿಗೂ ಬೇರೆ ವೈನಿನ ಪರಿಚಯವಿಲ್ಲ. ತಿಳಿದವರು ದಾರಿ ತೋರಿಸಬೇಕು.

ಉತ್ತರ: ಕದ್ರಿ, ಮಂಗಳೂರು

ಒಂದೇ ದಿನವೆಂದಾದರೆ ಸಾಂತ್ ಎಮಿಲಿಯೋಂ. ಬೋರ್ಡೋದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ನಿಲ್ದಾಣದಿಂದ ಊರಿಗೆ ದ್ರಾಕ್ಷಿತೋಟಗಳ ನಡುವೆಯೇ ನಡೆದು ಹೋಗುವ ದಾರಿ. ಊರು ನಿಂತಿರುವುದು ಸುಣ್ಣಕಲ್ಲಿನ ಮೇಲೆ. ನಮ್ಮಲ್ಲಿ ಕೆಂಪುಕಲ್ಲು ತೆಗೆದ ಕೋರೆಗಳಲ್ಲಿ ಮಳೆನೀರು ನಿಲ್ಲುತ್ತದೆ. ಅಲ್ಲಿ ಕಲ್ಲು ಕಡಿದ ನೆಲದಡಿಯ ಸುರಂಗಗಳನ್ನೇ ಹಲವರು ವೈನ್ ಮಾಗಿಸುವ ನೆಲಮಾಳಿಗೆಗಳನ್ನಾಗಿ ಮಾಡಿಕೊಂಡಿದ್ದಾರೆ. ಬೇಸಿಗೆಯಲ್ಲೂ ತಂಪು, ಗೋಡೆಯಲ್ಲಿ ತೇವ, 225 ಲೀಟರಿನ ಓಕ್ ಪೀಪಾಯಿಗಳ ಸಾಲು. ಬಂಡೆಯನ್ನೇ ಕೊರೆದು ಮಾಡಿದ ಚರ್ಚೂ ಊರ ನಡುವೆಯೇ ಇದೆ. 1999ರಲ್ಲಿ ಯುನೆಸ್ಕೋ ಈ ಊರನ್ನು ಸುತ್ತಲಿನ ದ್ರಾಕ್ಷಿತೋಟಗಳ ಸಮೇತ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದಿನಕ್ಕೆ ಎರಡು ಎಸ್ಟೇಟು ಸಾಕು. ತಾವು ಹೋಗುವುದು ಕೊಯ್ಲಿನ ಹೊತ್ತಿಗೆ; ಆಗ ಹಲವು ಕಡೆ ಸಂದರ್ಶಕರನ್ನು ಬಿಡುವುದಿಲ್ಲ. ಈಗಲೇ ಬರೆದು ಸಮಯ ನಿಗದಿಪಡಿಸಿಕೊಳ್ಳಿ.

ಉತ್ತರ: ಮಣಿಪಾಲ

ಕದ್ರಿಯವರ ಮಾತು ಒಪ್ಪತಕ್ಕದ್ದೇ, ಆದರೆ ಇತಿಹಾಸವೇ ಮುಖ್ಯವೆಂದಾದರೆ ಮೆದೋಕನ್ನು ಬಿಡುವುದು ಹೇಗೆ? 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು, ಪೇಟೆಯಲ್ಲಿ ಸಿಗುತ್ತಿದ್ದ ಬೆಲೆಯನ್ನೇ ಆಧಾರವಾಗಿಟ್ಟುಕೊಂಡು, ಕೆಂಪು ವೈನಿನ ಶಾತೋಗಳನ್ನು (ವೈನ್ ಎಸ್ಟೇಟುಗಳನ್ನು) ಐದು ದರ್ಜೆಗಳಲ್ಲಿ ಜೋಡಿಸಿದ ಪಟ್ಟಿ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತಿದೆ. ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದು ಮೂತೋಂ ರೋತ್ಶಿಲ್ದ್ ಒಂದೇ, ಅದೂ 1973ರಲ್ಲಿ. ಅದೂ, ಮೊದಲ ದರ್ಜೆಯ ಲಾಫಿತ್, ಲಾತೂರ್‌ಗಳೂ ಪೊಯಾಕ್ ಎಂಬ ಒಂದೇ ಊರಿನ ಆಸುಪಾಸಿನಲ್ಲಿವೆ. ಅಲ್ಲಿನ ಜಲ್ಲಿನೆಲದಲ್ಲಿ ನೀರು ನಿಲ್ಲದ ಕಾರಣ ಕ್ಯಾಬರ್ನೆ ಸೊವಿನ್ಯೋಂ ಎಂಬ ದ್ರಾಕ್ಷಿ ಚೆನ್ನಾಗಿ ಬಲಿಯುತ್ತದೆ. ಸಾಂತ್ ಎಮಿಲಿಯೋಂನ ತಂಪು ಮಣ್ಣಿಗೆ ಮೆರ್ಲೋ ದ್ರಾಕ್ಷಿ ಒಗ್ಗುತ್ತದೆ.

ತೊಡಕೆಂದರೆ ಮೆದೋಕಿನ ತೋಟಗಳು ದೂರದೂರ ಚದುರಿವೆ. ಫ್ರಾನ್ಸಿನಲ್ಲಿ ವಾಹನ ನಡೆಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರ ಸೇರಿದರೆ ದಂಡ. ಆದ್ದರಿಂದ ಬಾಡಿಗೆ ಕಾರಿನ ಯೋಚನೆ ಬಿಟ್ಟು ಚಾಲಕನಿರುವ ವಾಹನ ಗೊತ್ತುಮಾಡಿಕೊಳ್ಳಿ.

ಉತ್ತರ: ಕುಂದಾಪುರದ ಓದುಗಿ

ಮೊಟ್ಟೆಯ ವಿಷಯ ಸುಳ್ಳಲ್ಲ. ಕೆಂಪು ವೈನಿನ ಒಗರನ್ನು ತಗ್ಗಿಸಿ ತಿಳಿಗೊಳಿಸಲು ಪೀಪಾಯಿಗೆ ಮೊಟ್ಟೆಯ ಬಿಳಿಭಾಗ ಹಾಕುವುದು ಬೋರ್ಡೋದ ಹಳೆಯ ಪದ್ಧತಿ. ಅದು ಗಸಿಯೊಂದಿಗೆ ತಳಕ್ಕಿಳಿದ ಮೇಲೆ ತಿಳಿಯನ್ನು ಬೇರೆಮಾಡುತ್ತಾರೆ. ಬಿಳಿ ವೈನಿಗೆ ಮೀನಿನ ಗಾಳಿಚೀಲದ ಅಂಟನ್ನು ಬಳಸುವುದೂ ಉಂಟು. ಲೇಬಲ್ ನೋಡಿ ತಿಳಿಯಬಹುದೆಂದುಕೊಳ್ಳಬೇಡಿ: ಯುರೋಪಿನ ನಿಯಮದಂತೆ ಮೊಟ್ಟೆಯ ಅಂಶ ಪರೀಕ್ಷೆಯಲ್ಲಿ ಪತ್ತೆಯಾದರೆ ಮಾತ್ರ ಅದನ್ನು ನಮೂದಿಸಬೇಕು, ಮೀನಿನ ಅಂಟಿಗೆ ಆ ಕಡ್ಡಾಯವೂ ಇಲ್ಲ. ಬೆಂಟೊನೈಟ್ ಜೇಡಿಯಿಂದ ತಿಳಿಗೊಳಿಸುವವರೂ, ಏನನ್ನೂ ಹಾಕದವರೂ ಇದ್ದಾರೆ. ಸಮಯ ಕೇಳಿ ಬರೆಯುವಾಗಲೇ ಇದನ್ನೂ ವಿಚಾರಿಸಿ. ‘ವೀಗನ್’ (ಪ್ರಾಣಿಜನ್ಯ ವಸ್ತು ಬಳಸದ್ದು) ಎಂದು ಬರೆದ ಬಾಟಲಿಯಾದರೆ ನಿಶ್ಚಿಂತೆ. ಅಂದಹಾಗೆ, ಅಲ್ಲಿ ಪ್ರಸಿದ್ಧವಾದ ಕನ್ಲೆ ಎಂಬ ತಿನಿಸಿನಲ್ಲಿ ಮೊಟ್ಟೆಯ ಹಳದಿಯೂ ರಮ್ಮೂ ಇರುತ್ತವೆ.

ಸಿಹಿ ವೈನ್ ಕುಡಿದು ರೂಢಿಯಾದ ನಾಲಿಗೆಗೆ ಎಳೆಯ ಕ್ಯಾಬರ್ನೆ ಬರೀ ಒಗರೆನಿಸೀತು. ಸಂಜೆ ಬೋರ್ಡೋಗೆ ಮರಳಿದ ಮೇಲೆ ಸೊತೆರ್ನ್ ರುಚಿ ನೋಡಿ. ಸಿರೋಂ ನದಿಯ ಬೆಳಗಿನ ಮಂಜಿನಲ್ಲಿ ಹಣ್ಣಿಗೆ ಬೂಷ್ಟು ಹಿಡಿದು, ನೀರಿನಂಶ ಹೋಗಿ, ಸಕ್ಕರೆ ಸಾಂದ್ರವಾದ ದ್ರಾಕ್ಷಿಯಿಂದ ಮಾಡುವ ಸಿಹಿ ವೈನ್ ಅದು. ಆಲ್ಸಾಸ್ ಸೀಮೆಯ ಬಿಳಿ ವೈನಾದ ಗೆವುರ್ಟ್ಸ್‌ಟ್ರಾಮಿನರ್ ಸಿಕ್ಕರೆ ಅದನ್ನೂ ಬಿಡಬೇಡಿ. ಗುಲಾಬಿಯ ಪರಿಮಳವಿರುವ ಅದು ನಮ್ಮ ಗಸಿ ಎಂಬ ಖಾರದ ಮೇಲೋಗರಕ್ಕೂ ಹೊಂದುತ್ತದೆ. ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ರೈಲಿನ ಅನುಕೂಲ ನೋಡಿ ಸಾಂತ್ ಎಮಿಲಿಯೋಂ ಎಂದು ನಿಶ್ಚಯಿಸಿದ್ದೇವೆ. ಊರಿಗೆ ಎಷ್ಟು ಬಾಟಲಿ ತರಬಹುದು?

ಕದ್ರಿ, ಮಂಗಳೂರು

ಸುಂಕವಿಲ್ಲದೆ ತಲಾ 2 ಲೀಟರ್. 750 ಮಿಲಿಲೀಟರಿನ ಬಾಟಲಿಗಳಾದ್ದರಿಂದ ಇಬ್ಬರೂ ಎರಡೆರಡು ತರಬಹುದು. ಒಬ್ಬರೇ ಮೂರು ತಂದರೆ ಮಿತಿ ಮೀರುತ್ತದೆ.