ಕಿನೆಸ್ಕೋಪ್‌ಗೆ ಕನ್ನಡ ಪದ ಬೇಕು, ಫಲಕ ನಾಳೆಯೇ ಅಚ್ಚಿಗೆ

ಎಲ್ಲರಿಗೂ ನಮಸ್ಕಾರ. ಹಳೆಯ ಟೀವಿಯ ಬಗ್ಗೆ ಒಂದು ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ಅಮೆರಿಕದ ಆಂಪೆಕ್ಸ್ ಕಂಪನಿಯ ವೀಡಿಯೊ ಟೇಪು ಬಂದದ್ದು 1956ರಲ್ಲಿ. ಅದಕ್ಕೂ ಮುಂಚೆ ನೇರ ಪ್ರಸಾರವನ್ನು ಉಳಿಸಿಕೊಳ್ಳಲು ಟೀವಿ ತೆರೆಯ ಮುಂದೆಯೇ ಫಿಲ್ಮ್ ಕ್ಯಾಮೆರಾ ಇಡುತ್ತಿದ್ದರು. ಹೀಗೆ ತೆಗೆದದ್ದನ್ನು ಅಮೆರಿಕದವರು ಕಿನೆಸ್ಕೋಪ್ ಅಂದರು, ಬ್ರಿಟನ್ನಿನವರು ಟೆಲಿರೆಕಾರ್ಡಿಂಗ್ ಅಂದರು. ನನ್ನ ವಾಕ್ಯ: ‘ಬಿಬಿಸಿಯ 1953ರ ಕ್ವಾಟರ್‌ಮಾಸ್ ಧಾರಾವಾಹಿಯ 6 ಕಂತುಗಳಲ್ಲಿ ಮೊದಲ 2 ಮಾತ್ರ ______ ಆಗಿ ಉಳಿದಿವೆ.’ ‘ದೃಶ್ಯಮುದ್ರಣ’ ಸಾಕಾ?

ಮರು:
ಸಾಲದು. ಯಾವ ವೀಡಿಯೊ ಬೇಕಾದರೂ ದೃಶ್ಯಮುದ್ರಣವೇ. ನೀವು ಹೇಳಿದ ಧಾರಾವಾಹಿಯ 2ನೇ ಕಂತನ್ನು ಹಾಕಿ ನೋಡಿ. ಫಿಲ್ಮಿಗೆ ಇಳಿಸುವಾಗ ತೆರೆಯ ಮೇಲೆ ಒಂದು ಹುಳ ಬಂದು ಕೂತಿತ್ತು. ನಟರ ಜೊತೆ ಅದೂ ಫಿಲ್ಮಿನಲ್ಲಿ ಸಿಕ್ಕಿಕೊಂಡಿದೆ, ಇವತ್ತಿಗೂ ಕಾಣುತ್ತದೆ. ಹಾಗಾಗಿ ಪದದಲ್ಲಿ ‘ತೆರೆ’ ಇರಲೇಬೇಕು. ತೆರೆಯಚ್ಚು ಅನ್ನಿ. ಪಡಿಯಚ್ಚು ಇದೆಯಲ್ವಾ, ಅದೇ ದಾರಿ.

ಮರು:
ಒಪ್ಪುವುದಿಲ್ಲ. ಅಚ್ಚು ಅಂದರೆ ಓದುಗರಿಗೆ ಅಚ್ಚುಕೂಟ, ಕಾಗದ. ಅದೂ ‘ಅಕ್ಷ’ದ ತದ್ಭವ, ಅಚ್ಚಗನ್ನಡ ಅಂತ ಮೆರೆಸಬೇಕಾಗಿಲ್ಲ. ಸುಮ್ನೆ ಕಿನೆಸ್ಕೋಪ್ ಅಂತ ಬರೆಯಿರಿ. ರೇಡಿಯೊವನ್ನು ಬಾನುಲಿ ಮಾಡಿದೆವು. ಯಾವ ಮನೆಯಲ್ಲಿ ‘ಬಾನುಲಿ ಹಾಕು’ ಅಂತಾರೆ?

ಮರು:
ಅಕ್ಷದಿಂದ ಬಂದದ್ದು ಗಾಡಿಯ ಅಚ್ಚು. ಬೆಲ್ಲದ ಅಚ್ಚು ಬೇರೆ ಪದ. ಎರಡನ್ನೂ ಕಲಸಬೇಡಿ.

ಎರವಲು ತರುವ ಮುಂಚೆ ಏನು ತರುತ್ತಿದ್ದೀರಿ ಅಂತಲೂ ನೋಡಿ. ಕಿನೆಸ್ಕೋಪ್ ಅನ್ನುವುದು ಟೀವಿ ತಂತ್ರಜ್ಞ ಜ್ವೋರಿಕಿನ್ 1929ರಲ್ಲಿ ತನ್ನ ಚಿತ್ರನಳಿಕೆಗೆ, ಅಂದರೆ ಟೀವಿಯಲ್ಲಿ ಚಿತ್ರ ಮೂಡಿಸುವ ಗಾಜಿನ ನಳಿಕೆಗೆ, ಇಟ್ಟ ಹೆಸರು. ಆಮೇಲೆ ಆರ್‌ಸಿಎ ಕಂಪನಿಯ ಟ್ರೇಡ್‌ಮಾರ್ಕ್ ಆಯಿತು. ನಳಿಕೆಯ ಹೆಸರು ಫಿಲ್ಮಿಗೆ ಅಂಟಿಕೊಂಡದ್ದು ಅದಾದ ಮೇಲೆ. ರಷ್ಯನ್ನರಿಗೆ ಈಗಲೂ ಕಿನೆಸ್ಕೋಪ್ ಅಂದರೆ ಟೀವಿಯ ನಳಿಕೆಯೇ. ಅರ್ಥ ಹೀಗೆ ಜಾರಿರುವ ಪದವನ್ನು ನಾವು ಯಾಕೆ ಹೊರಬೇಕು? ಬಾನುಲಿ ಸೋತಿತು, ಸರಿ. ಮೈಸೂರಿನಲ್ಲಿ ಗೋಪಾಲಸ್ವಾಮಿಯವರು 1935ರಲ್ಲಿ ಶುರು ಮಾಡಿದ ನಿಲಯದ ‘ಆಕಾಶವಾಣಿ’ ದೇಶಕ್ಕೆಲ್ಲ ಹೋಯಿತಲ್ಲ?

ಮರು:
ಆಕಾಶವಾಣಿ ಸಂಸ್ಕೃತ. ನಿಮ್ಮ ವಾದವನ್ನು ನೀವೇ ಕೆಡಿಸಿಕೊಂಡಿರಿ.

ಮರು:
ಸಂಸ್ಕೃತವೇ ಆಗಲಿ. ಕೇಳಿದ ತಕ್ಷಣ ಕನ್ನಡದವರಿಗೆ ಅರ್ಥ ಹೊಳೆಯುತ್ತದೆ. ಕಿನೆಸ್ಕೋಪ್ ಕೇಳಿದರೆ ಏನು ಹೊಳೆಯುತ್ತದೆ, ಹೇಳಿ.

ಮರು:
ತೆರೆಯಚ್ಚು ಹಾಕುತ್ತಿದ್ದೇನೆ, ಧನ್ಯವಾದ. ಮೊದಲ ಸಲ ಬರುವಲ್ಲಿ ‘ಕಿನೆಸ್ಕೋಪ್ ಎಂಬ ತೆರೆಯಚ್ಚು’ ಅಂತ ಇರಲಿ. ಅಮೆರಿಕದ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’ಯ ಫಲಕಕ್ಕೂ ಇದೇ ನಡೆಯುತ್ತಾ?

ಮರು:
ಖಂಡಿತ ಬೇಡ. 1951ರಲ್ಲಿ ಶುರುವಾದ ಲೂಸಿಯನ್ನು ಪ್ರೇಕ್ಷಕರ ಮುಂದೆ 3 ಕ್ಯಾಮೆರಾ ಇಟ್ಟು ನೇರವಾಗಿ 35 ಎಂಎಂ ಫಿಲ್ಮಿಗೇ ತೆಗೆದರು. ಕ್ಯಾಮೆರಾ ಜವಾಬ್ದಾರಿ ಜರ್ಮನಿಯಲ್ಲಿ ಹೆಸರು ಮಾಡಿದ್ದ ಕಾರ್ಲ್ ಫ್ರಾಯ್ಂಡ್‌ದು. ತಂಡ ಹಾಲಿವುಡ್ ಬಿಟ್ಟು ಬರುವುದಿಲ್ಲ ಅಂದಿತು. ಅಲ್ಲಿಂದ ನೇರ ಪ್ರಸಾರ ಮಾಡಿದರೆ ಅಮೆರಿಕದ ಪೂರ್ವ ತೀರದ ಜನಕ್ಕೆ ಸಿಗುವುದು ಮಸುಕು ತೆರೆಯಚ್ಚು, ಅದು ಪ್ರಾಯೋಜಕರಿಗೆ ಬೇಡವಾಗಿತ್ತು. ಆ ಫಲಕದಲ್ಲಿ ‘ಫಿಲ್ಮಿನಲ್ಲೇ ಚಿತ್ರಿಸಿದ್ದು’ ಅಂತ ಹಾಕಿ.